ಸಂನ್ಯಾಸಿಯ ಮನೆಯ ವ್ಯಾಜ್ಯ

ಮಾಯೆ, ಮೋಹ, ಮಮಕಾರ ಎಂಬ ಮೂರು ಮಾತುಗಳು ನಮ್ಮ ನಾಡಿನಲ್ಲಿ ಎಲ್ಲರ ನಾಲಗೆಯ ಮೇಲೂ ಇರುತ್ತವೆ. ಸ್ಮಶಾನದಿಂದ ಮರಳುವವನೂ, ಮಗನ ಮೇಲೆ ಮುನಿದ ತಂದೆಯೂ, ದಾವೆಯಲ್ಲಿ ಸೋತು ಕೋರ್ಟಿನ ಮೆಟ್ಟಿಲಿಳಿಯುವ ಕಕ್ಷಿಗಾರನೂ ಸಂಸಾರವೆಲ್ಲ ಮಾಯೆಯೆಂದು ನಿಟ್ಟುಸಿರಿಟ್ಟು, ಮರುದಿನ ಬೆಳಗಾದೊಡನೆ ಯಥಾಪ್ರಕಾರ ಅದೇ ಸಂಸಾರದ ನೊಗಕ್ಕೆ ಹೆಗಲು ಕೊಡುತ್ತಾರೆ. ಮಾಯೆಯೆಂದರೆ ಮನೆ, ಮಡದಿ, ಮಕ್ಕಳು, ತಾಯಿತಂದೆಗಳು, ಹೊಲಗದ್ದೆ. ಇವನ್ನು ಬಿಟ್ಟವನು ಮಾಯೆಯನ್ನು ಗೆದ್ದವನು, ಬಿಡಲಾರದವನು ಅದರಲ್ಲಿ ಬಿದ್ದವನು ಎಂಬುದೊಂದು ಸುಲಭವಾದ ಲೆಕ್ಕ ಜನರಲ್ಲಿ ರೂಢವಾಗಿದೆ. ಈ ಲೆಕ್ಕವು ಸರಿಯಾದುದಾದರೆ, ವೇದಾಂತದ ಮಾಯಾವಿಚಾರವನ್ನು ಸಮುದ್ರದಾಚೆ ಸಾರಿಬಂದ ಸ್ವಾಮಿ ವಿವೇಕಾನಂದರನ್ನು ಯಾವ ಪಟ್ಟಿಗೆ ಸೇರಿಸಬೇಕು? ಸಂನ್ಯಾಸ ಸ್ವೀಕರಿಸಿದ ವರ್ಷವೇ ಅವರು ಮನೆಯ ವ್ಯಾಜ್ಯದಲ್ಲಿ ಸಾಕ್ಷಿ ನುಡಿಯಲು ಹೈಕೋರ್ಟಿನಲ್ಲಿ ನಿಂತರು. ದೇಹವಿಡುವುದಕ್ಕೆ ಕೆಲವೇ ದಿನಗಳ ಮುಂಚಿನವರೆಗೂ ಆ ಮನೆಯ ಚಿಂತೆ ಅವರನ್ನು ಬಿಡಲಿಲ್ಲ. ಚಿಕಾಗೋ ಸಭೆಯ ವೃತ್ತಾಂತವನ್ನು ಬಾಯಿಪಾಠವಾಗಿ ಬಲ್ಲ ನಮ್ಮ ವಾಚಕರಿಗೆ ಅವರ ಚರಿತ್ರೆಯ ಈ ಭಾಗವು ಅಷ್ಟಾಗಿ ಪರಿಚಿತವಾಗಿರಲಾರದು. ಭಕ್ತರಾದ ಚರಿತ್ರಕಾರರು ಇದನ್ನು ಹಗುರವಾಗಿ ದಾಟಿಸಿಬಿಡುವುದುಂಟು. ದಾಟಿಸಬೇಕಾದ ಸಂಗತಿ ಇದಲ್ಲವೆಂದು ನಮ್ಮ ಅಭಿಪ್ರಾಯ.

ನರೇಂದ್ರನಾಥ ದತ್ತ ಎಂಬುದು ಅವರ ಪೂರ್ವಾಶ್ರಮದ ಹೆಸರು. 1863ನೆಯ ಇಸವಿ ಜನವರಿ 12ನೆಯ ತಾರೀಖು, ಮಕರಸಂಕ್ರಾಂತಿಯ ದಿವಸ, ಕಲ್ಕತ್ತೆಯ ಸಿಮ್ಲಾ ಭಾಗದ ಗೌರಮೋಹನ ಮುಖರ್ಜಿ ಬೀದಿಯ ಪಿತ್ರಾರ್ಜಿತ ಗೃಹದಲ್ಲಿ ಅವರು ಜನಿಸಿದರು. ತಂದೆ ವಿಶ್ವನಾಥ ದತ್ತರು ಹೈಕೋರ್ಟಿನ ಅಟಾರ್ನಿಗಳು. ಸಂಪಾದನೆಯೂ ದೊಡ್ಡದು, ವೆಚ್ಚವು ಅದಕ್ಕಿಂತಲೂ ದೊಡ್ಡದು. ದುಡಿಯದ ನೆಂಟರೂ ಕುಡಿಯುವ ನೆಂಟರೂ ಆ ಮನೆಯ ಅನ್ನವನ್ನೇ ನಂಬಿಕೊಂಡಿದ್ದರು. ತಾಯಿ ಭುವನೇಶ್ವರೀ ದೇವಿಯವರು ರಾಮಾಯಣ ಮಹಾಭಾರತಗಳನ್ನು ಚೆನ್ನಾಗಿ ಬಲ್ಲವರು, ಗಂಭೀರ ಸ್ವಭಾವದವರು. ಕಾಶಿಯ ವೀರೇಶ್ವರನಿಗೆ ಹರಕೆ ಹೊತ್ತು ಪಡೆದ ಮಗನಾದುದರಿಂದ ಮೊದಲು ಅವರಿಗೆ ವೀರೇಶ್ವರನೆಂದೇ ಹೆಸರಿಟ್ಟಿದ್ದರಂತೆ. ಹುಡುಗನ ತುಂಟತನ ಮಿತಿಮೀರಿದಾಗಲೆಲ್ಲ, ಶಿವನನ್ನು ಮಗನಿಗಾಗಿ ಬೇಡಿದರೆ ಅವನು ತನ್ನ ಭೂತಗಣಗಳಲ್ಲಿ ಒಂದನ್ನು ಕಳುಹಿಸಿಕೊಟ್ಟನೆಂದು ತಾಯಿ ಗೊಣಗುತ್ತಿದ್ದರೆಂದು ಹೇಳುತ್ತಾರೆ.

ಆ ಮನೆತನಕ್ಕೆ ಸಂನ್ಯಾಸವು ಹೊಸದಲ್ಲ. ವಿಶ್ವನಾಥರ ತಂದೆ ದುರ್ಗಾಪ್ರಸಾದರು ತಾರುಣ್ಯದಲ್ಲಿಯೇ, ಎಳೆಗೂಸನ್ನೂ ಹೆಂಡತಿಯನ್ನೂ ಬಿಟ್ಟು ಹೊರಟುಹೋದವರು. ಮುಂದೆ ಆ ಸಾಧ್ವಿ ಮಗುವಿನೊಡನೆ ಕಾಶೀಯಾತ್ರೆ ಮಾಡಿದಾಗ ದೇವಾಲಯದ ಸಮೀಪದಲ್ಲಿ ಕಾಲು ಜಾರಿ ಬಿದ್ದರಂತೆ. ಹತ್ತಿರದಲ್ಲಿದ್ದ ಸಂನ್ಯಾಸಿಯೊಬ್ಬರು ಕೈಹಿಡಿದೆತ್ತಿ ಮೆಟ್ಟಿಲ ಮೇಲೆ ಕುಳ್ಳಿರಿಸಿದರಂತೆ. ಪರಸ್ಪರ ಮುಖ ನೋಡಿದಾಗ ಗಂಡಹೆಂಡಿರು ಒಬ್ಬರನ್ನೊಬ್ಬರು ಗುರುತಿಸಿದರು. ಸಂನ್ಯಾಸಿ ತಿರುಗಿ ನೋಡದೆ ಹೊರಟುಹೋದರು. ಇದು ಮನೆತನದಲ್ಲಿ ನಡೆದುಬಂದ ಕಥೆ. ನಿಜವಾಗಿದ್ದರೂ ಇರದಿದ್ದರೂ, ಈ ಕಥೆಯನ್ನು ಕೇಳುತ್ತ ಬೆಳೆದ ಮೊಮ್ಮಗನು ಅಜ್ಜನ ದಾರಿಯನ್ನೇ ಹಿಡಿದು, ಆದರೆ ಅಜ್ಜನಂತೆ ಬೆನ್ನು ತಿರುಗಿಸಲಾರದೆ ಹೋದನೆಂಬುದು ಗಮನಿಸತಕ್ಕ ವಿಷಯ.

ನರೇಂದ್ರರು ಶ್ರೀರಾಮಕೃಷ್ಣರನ್ನು ಮೊದಲು ಕಂಡದ್ದು 1881ರಲ್ಲಿ. ಆಗ ಅವರು ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ಕಾಲೇಜು ವಿದ್ಯಾರ್ಥಿ, ಬ್ರಾಹ್ಮಸಮಾಜದ ಸಹವಾಸದವರು, ಕಂಡದ್ದನ್ನೆಲ್ಲ ಪರೀಕ್ಷಿಸಿಯೇ ಒಪ್ಪುವ ಸ್ವಭಾವದವರು. ಜೀವಬ್ರಹ್ಮರು ಒಂದೇ ಎಂಬ ಅದ್ವೈತದ ಮಾತು ಅವರಿಗೆ ಮೊದಲು ನಗೆಗೀಡಾಗಿದ್ದಿತು. 1884ರ ಫೆಬ್ರವರಿಯಲ್ಲಿ ತಂದೆ ಹಠಾತ್ತಾಗಿ ಹೃದಯರೋಗದಿಂದ ತೀರಿಕೊಂಡರು. ಲೆಕ್ಕ ನೋಡಿದಾಗ ಉಳಿದದ್ದು ಸಾಲ. ತಂದೆಯ ಅನ್ನವನ್ನುಂಡ ನೆಂಟರೇ ಮನೆಯ ಭಾಗಕ್ಕಾಗಿ ಎದುರು ನಿಂತರು. ಆ ವರ್ಷವೇ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ಹಿರಿಯ ಮಗನು ಬರಿಗಾಲಿನಲ್ಲಿ ಕಛೇರಿಯಿಂದ ಕಛೇರಿಗೆ ಕೆಲಸ ಹುಡುಕುತ್ತ ಅಲೆದನು. ಮನೆಯಲ್ಲಿ ಅಕ್ಕಿ ಸಾಲದೆಂದು ತಿಳಿದ ದಿನ, ಹೊರಗೆ ಊಟಕ್ಕೆ ಕರೆ ಬಂದಿದೆಯೆಂದು ತಾಯಿಗೆ ಸುಳ್ಳು ಹೇಳಿ ಉಪವಾಸವಿರುತ್ತಿದ್ದನು. ಶ್ರೀಮಂತ ಮಿತ್ರರು ಸಂಗೀತಕ್ಕೆ ಕರೆದರೇ ಹೊರತು ಮನೆಯ ಸ್ಥಿತಿಯನ್ನು ವಿಚಾರಿಸಲಿಲ್ಲ. ವಿದ್ಯಾಸಾಗರರ ಮೆಟ್ರೊಪಾಲಿಟನ್ ವಿದ್ಯಾಲಯದಲ್ಲಿ ಕೆಲಕಾಲ ಉಪಾಧ್ಯಾಯವೃತ್ತಿ ದೊರೆಯಿತು, ನಿಲ್ಲಲಿಲ್ಲ.

ದಕ್ಷಿಣೇಶ್ವರದ ಕಾಳಿಯ ಗುಡಿಯ ಪ್ರಸಂಗವು ಈ ಕಾಲದ್ದು. ತಾಯಿ ತಮ್ಮಂದಿರ ಅನ್ನಕ್ಕಾಗಿ ದೇವಿಯನ್ನು ಪ್ರಾರ್ಥಿಸಿರೆಂದು ನರೇಂದ್ರರು ಗುರುಗಳನ್ನು ಕೇಳಿಕೊಂಡರು. ನೀನೇ ಹೋಗಿ ಕೇಳೆಂದು ಗುರುಗಳು ಕಳುಹಿಸಿದರು. ಮೂರು ಸಲ ಗುಡಿಯೊಳಕ್ಕೆ ಹೋದ ನರೇಂದ್ರರು ಮೂರು ಸಲವೂ ವಿವೇಕ ವೈರಾಗ್ಯ ಜ್ಞಾನ ಭಕ್ತಿಗಳನ್ನು ಬೇಡಿದರೇ ಹೊರತು ಹಣದ ಮಾತು ಅವರ ಬಾಯಿಂದ ಹೊರಡಲಿಲ್ಲ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಶಿಷ್ಯನ ವೈರಾಗ್ಯವನ್ನು ಕೊಂಡಾಡುತ್ತಾರೆ. ಆದರೆ ಕಥೆಗೆ ಮುಂದಿನ ಭಾಗವೊಂದುಂಟು. ಹೊರಗೆ ಬಂದ ನರೇಂದ್ರರು ಮನೆಯವರನ್ನು ಮರೆಯಲಿಲ್ಲ. ತನ್ನಿಂದ ಬೇಡಲಾಗಲಿಲ್ಲವಾದುದರಿಂದ ಗುರುಗಳೇ ಅನುಗ್ರಹಿಸಬೇಕೆಂದು ಪಟ್ಟುಹಿಡಿದರು. ಸಾಮಾನ್ಯವಾದ ಅನ್ನಬಟ್ಟೆಗೆ ಅವರಿಗೆ ಎಂದೂ ಕೊರತೆಯಾಗದೆಂದು ಗುರುಗಳು ಅಭಯ ಕೊಟ್ಟ ಮೇಲೆಯೇ ಅವರಿಗೆ ಸಮಾಧಾನವಾಯಿತು. ಕಾಮಕಾಂಚನಗಳನ್ನು ಹಗಲಿರುಳು ಖಂಡಿಸುತ್ತಿದ್ದ ಆ ಗುರು, ವಿಧವೆಯಾದ ತಾಯಿಯ ಹಸಿವನ್ನು ನೆನೆದು ಕುದಿಯುತ್ತಿದ್ದ ಶಿಷ್ಯನಿಗೆ, ಇದೆಲ್ಲ ಮಾಯೆ, ಬಿಟ್ಟುಬಿಡು, ಎಂದು ಉಪದೇಶಿಸಲಿಲ್ಲ.

ಉಪದೇಶಿಸದಿದ್ದುದಕ್ಕೆ ಕಾರಣವೂ ಇದ್ದಿತು. ತೋತಾಪುರಿಯವರಿಂದ ಸಂನ್ಯಾಸದೀಕ್ಷೆ ಪಡೆದಾಗ ಶ್ರೀರಾಮಕೃಷ್ಣರು ತಾಯಿ ಚಂದ್ರಮಣಿಯವರ ಮನಸ್ಸು ನೋಯದಿರಲೆಂದು ಅದನ್ನು ಗುಟ್ಟಾಗಿಯೇ ನಡೆಯಿಸಿದರು. ಆ ವೃದ್ಧಮಾತೆ ದಕ್ಷಿಣೇಶ್ವರದ ನಹಬತ್ತಿನಲ್ಲಿ ಮಗನ ಕಣ್ಣೆದುರಿಗೆ ಕೊನೆಯ ವರ್ಷಗಳನ್ನು ಕಳೆದು 1876ರಲ್ಲಿ ದೇಹಬಿಟ್ಟರು. 1868ರ ತೀರ್ಥಯಾತ್ರೆಯಲ್ಲಿ ವೃಂದಾವನದಲ್ಲಿಯೇ ನಿಂತುಬಿಡಬೇಕೆಂಬ ಹಂಬಲ ಶ್ರೀರಾಮಕೃಷ್ಣರಿಗೆ ಉಂಟಾಗಿ, ಒಬ್ಬಳೇ ಇರುವ ತಾಯಿಯ ನೆನಪು ಬಂದು ಹಿಂದಿರುಗಿದರೆಂಬುದೂ ಪ್ರಸಿದ್ಧವಾಗಿದೆ. ಇನ್ನೂ ಹಿಂದಕ್ಕೆ ಹೋದರೆ, ಮಾಯಾವಾದದ ಆಚಾರ್ಯರೆಂದು ಪ್ರಸಿದ್ಧರಾದ ಶ್ರೀಶಂಕರರೇ ಇದ್ದಾರೆ. ಕರೆದಾಗ ಬರುವೆನೆಂದು ತಾಯಿಗೆ ಕೊಟ್ಟ ಭಾಷೆಯನ್ನು ಉಳಿಸಿಕೊಳ್ಳಲು ಅವರು ಕಾಲಟಿಗೆ ಮರಳಿದರೆಂದೂ, ಯತಿಗೆ ಕರ್ಮಾಧಿಕಾರವಿಲ್ಲವೆಂದು ಬಂಧುಗಳು ಬಹಿಷ್ಕರಿಸಿದರೂ ತಾವೊಬ್ಬರೇ ತಾಯಿಯ ದೇಹವನ್ನು ಸಂಸ್ಕರಿಸಿದರೆಂದೂ ಶಂಕರವಿಜಯಗಳು ಹೇಳುತ್ತವೆ. ಸಂನ್ಯಾಸಿಯಾದ ಮಗನಿಗೆ ತಂದೆಯೂ ನಮಸ್ಕರಿಸಬೇಕು, ಆದರೆ ಆ ಮಗನು ತಾಯಿಗೆ ನಮಸ್ಕರಿಸಬೇಕು ಎಂಬ ಸಂಪ್ರದಾಯವನ್ನು ನಮ್ಮ ವಾಚಕರು ಬಲ್ಲರು.

ಕಾಶೀಪುರದ ತೋಟದ ಮನೆಯಲ್ಲಿ, ಗುರುಗಳ ಅಂತ್ಯಕಾಲದಲ್ಲಿ, ನರೇಂದ್ರರು ಬೇಡಿದ್ದು ನಿರ್ವಿಕಲ್ಪ ಸಮಾಧಿಯಲ್ಲಿ ಸದಾ ಮುಳುಗಿರುವ ಭಾಗ್ಯವನ್ನು. ಗುರುಗಳು ಅದಕ್ಕಾಗಿ ಅವರನ್ನು ಗದರಿಸಿದರು. ದೊಡ್ಡ ಆಲದಮರದಂತೆ ಸಹಸ್ರಾರು ಜನರಿಗೆ ನೆರಳಾಗಬೇಕಾದವನು ಸ್ವಂತ ಮುಕ್ತಿಯನ್ನು ಮಾತ್ರ ಬಯಸುವುದು ಅವರಿಗೆ ಹೀನವಾಗಿ ತೋರಿತು. ಮೋಕ್ಷದ ಮೇಲಿನ ಆಸೆಯೂ ಒಂದು ಆಸೆಯೇ ಎಂಬ ಸೂಕ್ಷ್ಮವನ್ನು ಶಿಷ್ಯರು ಅಂದು ಕಲಿತರು. 1886ರ ಆಗಸ್ಟ್ 16ರಂದು ಶ್ರೀರಾಮಕೃಷ್ಣರು ಮಹಾಸಮಾಧಿಯನ್ನೈದಿದರು. 1887ರ ಆರಂಭದಲ್ಲಿ ವರಾಹನಗರದ ಪಾಳುಮನೆಯಲ್ಲಿ ನರೇಂದ್ರರೂ ಸೋದರಶಿಷ್ಯರೂ ವಿರಜಾಹೋಮ ಮಾಡಿ ಸಂನ್ಯಾಸ ಸ್ವೀಕರಿಸಿದರು. ಆ ಹೋಮದಲ್ಲಿ ಸಂನ್ಯಾಸಿಯು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ. ಕುಲಗೋತ್ರಗಳು ಅಲ್ಲಿಗೆ ತೀರಿದುವು.

ತೀರಿದುವೆಂದು ಶಾಸ್ತ್ರ ಹೇಳಿತು, ಹೈಕೋರ್ಟು ಹೇಳಲಿಲ್ಲ. ಅದೇ 1887ರ ಮಾರ್ಚಿಯಲ್ಲಿ ನರೇಂದ್ರನಾಥ ದತ್ತರನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಲಾಯಿತು. ಅವಿಭಕ್ತ ಕುಟುಂಬದ ಚಿಕ್ಕಮ್ಮನು ಹೂಡಿದ ದಾವೆಯದು. ಭುವನೇಶ್ವರೀ ದೇವಿಯವರ ಹೆಸರಿನಲ್ಲಿ ಕೊಂಡಿದ್ದ ಮನೆಯ ಭಾಗವು ನಿಜವಾಗಿ ತನ್ನ ಗಂಡನದೆಂದೂ, ಹೆಸರು ಮಾತ್ರ ಬೇನಾಮಿಯೆಂದೂ ಆಕೆಯ ವಾದ. ಇಂಥ ದಾವೆಗಳ ಕಾಗದಗಳನ್ನು ದಿನವೂ ಬಿಡಿಸಿ ನೋಡುವ ನಮ್ಮ ವಕೀಲ ವಾಚಕರಿಗೆ ಇದರಲ್ಲಿ ಹೊಸತೇನೂ ಕಾಣದು. ವಾದಿಯು ತನ್ನ ಪಕ್ಷವನ್ನು ರುಜುವಾತುಪಡಿಸಲಾರದೆ ಹೋದುದರಿಂದ ತೀರ್ಪು ತಾಯಿಯ ಪರವಾಗಿ ಆಯಿತು. ಅಪೀಲು ಅದೇ ವರ್ಷ ವಜಾ ಆಯಿತು. ಗೆಲುವು ಕಾಗದದ ಮೇಲಿನದು. ಖರ್ಚು ಮನೆಯನ್ನು ಬರಿದುಮಾಡಿತು, ಮನಸ್ತಾಪಗಳು ಮುಂದುವರಿದುವು.

ಆ ಕಾಲದಲ್ಲಿ ಕಾಶಿಯ ವಿದ್ವಾಂಸರಾದ ಪ್ರಮದಾದಾಸ ಮಿತ್ರರಿಗೆ ಬರೆದ ಕಾಗದಗಳಲ್ಲಿ ಸ್ವಾಮಿಗಳು ಮನಸ್ಸನ್ನು ಬಿಚ್ಚಿಟ್ಟಿದ್ದಾರೆ. ಕಲ್ಕತ್ತೆಯ ಸಮೀಪದಲ್ಲಿದ್ದರೆ ತಾಯಿತಮ್ಮಂದಿರ ದುರವಸ್ಥೆ ಕಣ್ಣಿಗೆ ಬೀಳುತ್ತದೆ, ಮನಸ್ಸು ಕದಡುತ್ತದೆ, ವ್ಯಾಜ್ಯವನ್ನು ಮುಗಿಸಿ ದೂರ ಹೊರಟುಬಿಡಬೇಕು ಎಂಬ ಅರ್ಥದ ಮಾತುಗಳು ಅಲ್ಲಿವೆ. ಅವರಿಗೆ ತಮ್ಮ ಸ್ಥಿತಿಯ ವಿಷಯದಲ್ಲಿ ಭ್ರಾಂತಿ ಇರಲಿಲ್ಲ. ಇದು ಮಾಯೆಯೋ ಧರ್ಮವೋ ಎಂಬ ತೂಗಾಟ ಅವರೊಳಗೇ ನಡೆದಿದ್ದಿತು. 1890ರ ಏಪ್ರಿಲಿನಲ್ಲಿ ಗುರುಗಳ ಗೃಹಸ್ಥ ಭಕ್ತರಾದ ಬಲರಾಮ ಬಸು ಮರಣ ಹೊಂದಿದ ಸುದ್ದಿ ಬಂದಾಗ ಸ್ವಾಮಿಗಳು ಬಿಕ್ಕಿ ಅತ್ತರು. ಇದೇ ಮಿತ್ರರು, ಸಂನ್ಯಾಸಿಗೆ ಶೋಕವು ಸಲ್ಲದೆಂದು ಆಕ್ಷೇಪಿಸಿದರು. ಕಾವಿಯುಟ್ಟ ಮಾತ್ರಕ್ಕೆ ಹೃದಯವನ್ನು ಕಿತ್ತೆಸೆಯಬೇಕಾಗಿಲ್ಲ, ಕಲ್ಲಾಗಿಸುವ ಸಂನ್ಯಾಸ ತಮಗೆ ಬೇಡ ಎಂಬುದು ಸ್ವಾಮಿಗಳು ಕೊಟ್ಟ ಉತ್ತರದ ತಾತ್ಪರ್ಯ. ಆ ವರ್ಷವೇ ಹಿಮಾಲಯದತ್ತ ಹೊರಟು ಆಲ್ಮೋರಕ್ಕೆ ಸೇರಿದಾಗ ಅಲ್ಲಿ ತಂತಿ ಸಿಕ್ಕಿತು: ಅವರ ತಂಗಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಿದ್ದಳು. ಅವರು ಹಿಂದಿರುಗಲಿಲ್ಲ, ಇನ್ನೂ ಎತ್ತರದ ಕಾಡುಗಳತ್ತ ನಡೆದರು. ಆದರೆ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಮುಂದೆ ಅವರು ಆಡಿದ ಕಟುವಾದ ಮಾತುಗಳ ಹಿಂದೆ ಆ ತಂತಿಯ ನೋವಿದೆಯೆಂದು ನಂಬುವುದು ಅಸಂಗತವಾಗದು.

ವೈರಾಗ್ಯದ ಅಭಿಮಾನವೂ ಒಂದು ಮೋಹವೆಂದು ಅವರಿಗೆ ತೋರಿಸಿಕೊಟ್ಟವಳು ಒಬ್ಬ ನರ್ತಕಿ. ರಾಜಪುತ್ರಸ್ಥಾನದ ಖೇತ್ರಿಯ ಅರಸರಾದ ಅಜಿತಸಿಂಹರು 1891ರಲ್ಲಿ ಅಬುಗಿರಿಯಲ್ಲಿ ಸ್ವಾಮಿಗಳನ್ನು ಕಂಡು ಶಿಷ್ಯರಾದರು. ಆ ಅರಸರ ಗೋಷ್ಠಿಯೊಂದರಲ್ಲಿ ನರ್ತಕಿಯ ಗಾನವಿದ್ದಿತು. ಯತಿಗೆ ಅದು ತಕ್ಕುದಲ್ಲವೆಂದು ಸ್ವಾಮಿಗಳು ಬರಲೊಲ್ಲೆನೆಂದರು. ನೊಂದ ಆಕೆ, ಭಗವಂತನಿಗೆ ಸಮದರ್ಶಿಯೆಂಬ ಹೆಸರಿರುವಾಗ ತನ್ನ ದೋಷಗಳನ್ನು ಎಣಿಸಬಾರದೆಂದು ಬೇಡುವ ಸೂರದಾಸರ ಪದವನ್ನು ಹಾಡಿದಳು. ಹಾಡು ಕಿವಿಗೆ ಬಿದ್ದಿತು. ಎಲ್ಲವೂ ಬ್ರಹ್ಮವೆಂದು ಹೇಳುವವನು ಹೀಗೆ ಭೇದವೆಣಿಸಿದನಲ್ಲಾ ಎಂದು ನಾಚಿ ಸ್ವಾಮಿಗಳು ಎದ್ದು ಸಭೆಗೆ ಬಂದರು. ಈ ಅರಸರೇ ಮುಂದೆ ಭುವನೇಶ್ವರೀ ದೇವಿಯವರಿಗೆ ತಿಂಗಳಿಗೆ 100 ರೂಪಾಯಿಗಳನ್ನು ಕಳುಹಿಸುತ್ತ ಬಂದರು. ದಕ್ಷಿಣೇಶ್ವರದ ಅಭಯವು ಖೇತ್ರಿಯ ಖಜಾನೆಯಿಂದ ನೆರವೇರಿತೆನ್ನಬಹುದು.

ನಮ್ಮ ನಾಡಿಗೆ ಅವರು ಬಂದುದು 1892ರಲ್ಲಿ. ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ವಕೀಲರಾದ ಭಾಟೆಯವರ ಮನೆಯಲ್ಲಿಯೂ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿಯೂ ಇದ್ದು, ಗೋವೆಯನ್ನು ನೋಡಿಕೊಂಡು ಬೆಂಗಳೂರು ಮೈಸೂರುಗಳಿಗೆ ಬಂದರು. ದಿವಾನ್ ಶೇಷಾದ್ರಿ ಅಯ್ಯರವರು ಅವರನ್ನು ಅತಿಥಿಯಾಗಿ ಇರಿಸಿಕೊಂಡು ಚಾಮರಾಜೇಂದ್ರ ಒಡೆಯರವರಿಗೆ ಪರಿಚಯಿಸಿದರು. ಮಹಾರಾಜರು ಅವರ ಧ್ವನಿಯನ್ನು ಫೋನೋಗ್ರಾಫ್ ಯಂತ್ರದಲ್ಲಿ ಹಿಡಿಸಿದರು. ಬೀಳ್ಕೊಡುವಾಗ ಕೊಟ್ಟ ಬೆಲೆಬಾಳುವ ಉಡುಗೊರೆಗಳನ್ನೆಲ್ಲ ಸ್ವಾಮಿಗಳು ಬಿಟ್ಟು, ಲೋಹವಿಲ್ಲದ ಒಂದು ಹುಕ್ಕಾ ಸಾಕೆಂದರು. ದಿವಾನರು ತಮ್ಮ ಕಾರ್ಯದರ್ಶಿಯೊಡನೆ ಚೆಕ್ಕುಪುಸ್ತಕವನ್ನು ಕೊಟ್ಟು, ಬಯಸಿದ್ದನ್ನೆಲ್ಲ ಕೊಡಿಸೆಂದು ಪೇಟೆಗೆ ಕಳುಹಿಸಿದಾಗ, ಅಂಗಡಿಗಳನ್ನೆಲ್ಲ ಮಕ್ಕಳಂತೆ ಕುತೂಹಲದಿಂದ ನೋಡಿ ಕೊನೆಗೆ ಕೊಂಡದ್ದು ಒಂದು ಒಳ್ಳೆಯ ಚುಟ್ಟಾ. ತಂಬಾಕಿನ ಚಟವನ್ನು ಅವರು ಮುಚ್ಚಿಟ್ಟವರಲ್ಲ. ಅರಮನೆಯ ಐಶ್ವರ್ಯವು ಎದುರಿಗಿರುವಾಗ ತಮಗಾಗಿ ಏನನ್ನೂ ಬಯಸದ ಇದೇ ಮನುಷ್ಯನು ತಾಯಿಗಾಗಿ ಶಿಷ್ಯನಾದ ಅರಸನ ಮುಂದೆ ಕೈಯೊಡ್ಡಲು ಹಿಂಜರಿಯಲಿಲ್ಲವೆಂಬುದನ್ನು ಒಟ್ಟಿಗೆ ಇಟ್ಟುನೋಡಬೇಕು.

1893ರ ಸೆಪ್ಟೆಂಬರಿನ ಚಿಕಾಗೋ ಸಭೆ, ಅಲ್ಲಿಂದ ಮುಂದಿನ ಕೀರ್ತಿ, ಇವೆಲ್ಲ ಸರ್ವವಿದಿತ. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು 1896ರ ಶರತ್ಕಾಲದಲ್ಲಿ ಲಂಡನ್ ನಗರದಲ್ಲಿ ಅವರು ಮಾಯೆಯನ್ನು ಕುರಿತು ಮಾಡಿದ ಉಪನ್ಯಾಸಮಾಲೆ. ಹಗ್ಗದಲ್ಲಿ ಹಾವು ತೋರಿದಂತೆ ಬ್ರಹ್ಮದಲ್ಲಿ ಜಗತ್ತು ತೋರುತ್ತದೆಯೆಂಬ ಶಾಸ್ತ್ರದ ದೃಷ್ಟಾಂತವನ್ನು ಆಂಗ್ಲ ಶ್ರೋತೃಗಳ ಮುಂದಿಟ್ಟು ನಿಲ್ಲಿಸಿದ್ದರೆ ಅವರು ಅದನ್ನೊಂದು ಪೌರಸ್ತ್ಯ ವಿನೋದವೆಂದು ಭಾವಿಸಿ ಮನೆಗೆ ಹೋಗುತ್ತಿದ್ದರು. ಸ್ವಾಮಿಗಳು ಬೇರೆ ದಾರಿ ಹಿಡಿದರು. ಮಾಯೆಯು ಜಗತ್ತನ್ನು ವಿವರಿಸುವ ಸಿದ್ಧಾಂತವಲ್ಲ, ನಾವಿರುವ ಸ್ಥಿತಿಯ ವರ್ಣನೆ ಎಂಬುದು ಅವರ ಪ್ರತಿಪಾದನೆ. ಸಾಯುವೆವೆಂದು ತಿಳಿದೂ ಸಾಯದವರಂತೆ ಬಾಳುವುದು, ಸುಖವನ್ನು ಹಿಡಿಯಹೋಗಿ ದುಃಖವನ್ನು ತಬ್ಬಿಕೊಳ್ಳುವುದು, ಒಂದು ಕೇಡನ್ನು ಕಳೆಯಹೋಗಿ ಮತ್ತೊಂದನ್ನು ತಂದುಕೊಳ್ಳುವುದು, ಈ ವಿರೋಧಗಳ ಹೆಣಿಗೆಗೇ ಮಾಯೆಯೆಂದು ಹೆಸರು. ನೀರು ತರಹೋದ ನಾರದನು ಸಂಸಾರಿಯಾಗಿ ಹನ್ನೆರಡು ವರ್ಷ ಕಳೆದು, ಪ್ರವಾಹದಲ್ಲಿ ಎಲ್ಲವನ್ನೂ ಕಳೆದುಕೊಂಡು ಅಳುವಾಗ ಅರ್ಧ ಗಂಟೆಯಷ್ಟೇ ಕಳೆದಿದ್ದ ಕಥೆಯನ್ನೂ ಅವರು ಆ ಮಾಲೆಯಲ್ಲಿ ಹೇಳಿದರು.

ಆದರೆ ಅವರ ಉದಾಹರಣೆಗಳಲ್ಲಿ ನಮ್ಮನ್ನು ಬೆಚ್ಚಿಬೀಳಿಸುವುದು ಇನ್ನೊಂದು. ಮುದ್ದಿನಿಂದ ಸಾಕಿದ ಮಗನು ದುಷ್ಟನಾಗಿ ತಾಯಿಯನ್ನು ಹೊಡೆದು ಒದೆಯುತ್ತಿದ್ದರೂ ಆಕೆ ಅವನಿಗೇ ಅಂಟಿಕೊಂಡಿರುತ್ತಾಳೆ, ಅದನ್ನು ಪ್ರೀತಿಯೆಂದು ಕರೆದು ಸಮಾಧಾನಪಡುತ್ತಾಳೆ, ಅದು ಅವಳು ಕೊಡವಿಕೊಳ್ಳಲಾರದ ಕಟ್ಟು ಎಂದು ಅವರು ಹೇಳಿದರು. ಮಾತೃಪ್ರೇಮವನ್ನೇ ಮಾಯೆಗೆ ಸಾಕ್ಷಿಯಾಗಿ ಎಳೆದು ತಂದವರು, ತಮ್ಮ ತಾಯಿಯ ನೆನಪನ್ನು ಎದೆಯಲ್ಲಿಟ್ಟುಕೊಂಡು ದೇಶದೇಶಗಳನ್ನು ಸುತ್ತುತ್ತಿದ್ದವರು. ಇದನ್ನು ಆತ್ಮವಂಚನೆಯೆನ್ನಬೇಕೆ? ನಮಗೆ ಹಾಗೆ ತೋರುವುದಿಲ್ಲ. ಕಟ್ಟು ಎಷ್ಟು ಬಿಗಿಯಾದುದೆಂದು ಬಲ್ಲವನ ಮಾತು ಅದು. ಹೊರಗಿನಿಂದ ನಿಂತು ಸಂಸಾರಿಗಳನ್ನು ಹಳಿಯುವವನ ಧ್ವನಿ ಆ ಉಪನ್ಯಾಸಗಳಲ್ಲಿ ಎಲ್ಲಿಯೂ ಕೇಳುವುದಿಲ್ಲ.

ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ವಿಷಯದಲ್ಲಿ ಕನ್ನಡನಾಡಿನ ಮತಾಚಾರ್ಯರಲ್ಲಿ ಐಕಮತ್ಯವಿಲ್ಲ. ಶ್ರೀಮಧ್ವರು ಜಗತ್ತು ಸತ್ಯವೆಂದೇ ಸಾಧಿಸಿದರು. ಅಲ್ಲಮಪ್ರಭುಗಳು ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಹುಡುಕದೆ ಮನಸ್ಸಿನ ಆಸೆಯಲ್ಲಿ ಹಿಡಿದು ತೋರಿಸಿದರು. ಆದರೆ ನಾನು, ನನ್ನದು ಎಂಬುದೇ ಕಟ್ಟಿನ ಗಂಟು ಎಂಬಲ್ಲಿ ಎಲ್ಲರದೂ ಒಂದೇ ಮಾತು. ಹಾಗಾದರೆ ತೂಗಿ ನೋಡಬೇಕಾದುದು ಮನೆಯನ್ನಲ್ಲ. ಆ ಮನೆಯಲ್ಲಿ ಈ ಮನುಷ್ಯನು ತನಗಾಗಿ ಏನನ್ನು ಬಯಸಿದನೆಂಬುದನ್ನು.

ಮಮಕಾರವು ಮನೆಯ ರೂಪದಲ್ಲಿ ಮಾತ್ರ ಬರುವುದಿಲ್ಲ. ಸತ್ಕಾರ್ಯದ ರೂಪದಲ್ಲಿಯೂ, ದೇಶಾಭಿಮಾನದ ರೂಪದಲ್ಲಿಯೂ ಬರುತ್ತದೆ. 1897ರ ಮೇ 1ರಂದು ರಾಮಕೃಷ್ಣ ಮಿಷನ್ ಸ್ಥಾಪನೆಯಾಯಿತು. ಮರುವರ್ಷ ಗಂಗಾತೀರದ ಬೇಲೂರಿನಲ್ಲಿ ಮಠಕ್ಕೆ ನೆಲ ದೊರೆಯಿತು. ಅದೇ 1898ರಲ್ಲಿ ಕಲ್ಕತ್ತೆಗೆ ಪ್ಲೇಗು ಕಾಲಿಟ್ಟಾಗ ಹಣವೆಲ್ಲಿಂದ ತರುವುದೆಂದು ಶಿಷ್ಯರು ಕೇಳಿದರೆ, ವರ್ಷಗಟ್ಟಲೆ ಕನಸುಕಂಡು ಪಡೆದ ಆ ನೆಲವನ್ನೇ ಮಾರಿಬಿಡೋಣವೆಂದರು. ಮಾರುವ ಪ್ರಸಂಗ ಬರಲಿಲ್ಲವೆಂಬುದು ಬೇರೆ ಮಾತು. ಆ ವರ್ಷವೇ ಕಾಶ್ಮೀರದ ಕ್ಷೀರಭವಾನಿಯಲ್ಲಿ ಭಗ್ನವಾದ ದೇವಾಲಯವನ್ನು ಕಂಡು, ತಾವು ಆಗ ಇದ್ದಿದ್ದರೆ ಪ್ರಾಣಕೊಟ್ಟಾದರೂ ರಕ್ಷಿಸುತ್ತಿದ್ದೆವೆಂದು ಅವರ ಮನಸ್ಸು ಕುದಿಯಿತು. ದೇವಿಯನ್ನು ರಕ್ಷಿಸುವವನು ನೀನೋ, ನಿನ್ನನ್ನು ರಕ್ಷಿಸುವವಳು ಅವಳೋ ಎಂಬ ಪ್ರಶ್ನೆ ದೇವಿಯ ಧ್ವನಿಯಾಗಿಯೇ ಅವರಿಗೆ ಕೇಳಿಸಿತಂತೆ. ಹಿಂದಿರುಗಿದಾಗ ಅವರ ದೇಶಾಭಿಮಾನದ ಆವೇಶವೆಲ್ಲ ಇಳಿದುಹೋಗಿ ಮಗುವಿನಂತಾಗಿದ್ದರೆಂದು ಜೊತೆಗಿದ್ದವರು ದಾಖಲಿಸಿದ್ದಾರೆ. ದೇಶಸೇವೆಯನ್ನು ನೆಚ್ಚಿದ ನಮ್ಮಂಥವರು ನುಂಗಿಕೊಳ್ಳುವುದಕ್ಕೆ ಸ್ವಲ್ಪ ಕಷ್ಟವಾದ ಪ್ರಸಂಗವಿದು.

ಇಷ್ಟನ್ನೆಲ್ಲ ಬಿಡಬಲ್ಲವರಾದರೂ ತಾಯಿಯ ವಿಷಯವನ್ನು ಮಾತ್ರ ಬಿಡಲಿಲ್ಲ. 1898ರ ನವೆಂಬರ್ ಡಿಸೆಂಬರುಗಳಲ್ಲಿ ಅಜಿತಸಿಂಹರಿಗೆ ಬರೆದ ಪತ್ರಗಳಲ್ಲಿ, ತಮ್ಮ ಆರೋಗ್ಯ ಕುಗ್ಗುತ್ತಿದೆಯೆಂದೂ, ತಾವು ಸತ್ತ ಮೇಲೆಯೂ ತಾಯಿಗೆ ಆ 100 ರೂಪಾಯಿಗಳು ನಿಲ್ಲದಂತೆ ಏರ್ಪಡಿಸಬೇಕೆಂದೂ ಪ್ರಾರ್ಥಿಸಿದರು. ಆ ಹೊತ್ತಿಗೆ ಹಳೆಯ ವ್ಯಾಜ್ಯ ಹೊಸ ರೂಪ ತಾಳಿದ್ದಿತು. ಹಿಂದೆ ದಾವೆ ಹೂಡಿದ್ದ ಚಿಕ್ಕಮ್ಮನೇ ತನ್ನ ಭಾಗವನ್ನು ಮಾರುವೆನೆಂದಾಗ, ತಾಯಿಗಾಗಿ 6000 ರೂಪಾಯಿಗಳಿಗೆ ಸ್ವಾಮಿಗಳು ಅದನ್ನು ಕೊಂಡರು. ಹಣ ಪಡೆದ ಮೇಲೆ ಸ್ವಾಧೀನ ಕೊಡಲಿಲ್ಲ. ಸಂನ್ಯಾಸಿಯಾದವನು ನಾಚಿಕೆಗೆ ಅಂಜಿ ಕೋರ್ಟಿಗೆ ಹೋಗಲಾರನೆಂಬುದೇ ಎದುರು ಪಕ್ಷದವರ ಧೈರ್ಯವಾಗಿದ್ದಿತೆಂದು ಸ್ವಾಮಿಗಳು 1899ರಲ್ಲಿ ತಮ್ಮ ಅಮೆರಿಕದ ಶಿಷ್ಯೆ ಶ್ರೀಮತಿ ಬುಲ್ ಅವರಿಗೆ ಬರೆದರು. ಅದೇ ಪತ್ರದಲ್ಲಿ, ಧರ್ಮಕಾರ್ಯಕ್ಕೆಂದು ಬಂದ ಹಣದಲ್ಲಿ ಮನೆಯವರಿಗಾಗಿ ಕಾಸನ್ನೂ ವ್ಯಯಿಸಿಲ್ಲವೆಂದೂ, ಸೇವಿಯರ್ ಅವರು ತಾಯಿಯ ನೆರವಿಗೆಂದೇ ಪ್ರತ್ಯೇಕವಾಗಿ ಕೊಟ್ಟ 8000 ರೂಪಾಯಿಗಳೂ ವ್ಯರ್ಥವಾದಂತಿದೆಯೆಂದೂ ಲೆಕ್ಕ ಒಪ್ಪಿಸಿದ್ದಾರೆ. ಜಗದ್ವಿಖ್ಯಾತನಾದ ಯತಿಯು ಹೀಗೆ ಕಾಸುಕಾಸಿನ ಲೆಕ್ಕ ಬರೆಯಬೇಕಾಗಿ ಬಂದುದು ಯಾರಿಗಾದರೂ ಮರುಕ ಹುಟ್ಟಿಸುವ ಸಂಗತಿ. ಸಾರ್ವಜನಿಕ ಹಣವನ್ನು ನಿರ್ವಹಿಸುವ ಮಹನೀಯರು ಈ ಪತ್ರವನ್ನು ಒಮ್ಮೆ ಓದಬಹುದು.

1900ರ ಜನವರಿಯಲ್ಲಿ ಕ್ಯಾಲಿಫೋರ್ನಿಯದಿಂದ ಅದೇ ಮಹಿಳೆಗೆ ಬರೆದ ಪತ್ರವು ಇನ್ನೂ ಆಳವಾದುದು. ಮಠದ ಹೊಣೆಯನ್ನೆಲ್ಲ ಇಳಿಸಿ ಕೆಲಕಾಲ ತಾಯಿಯ ಬಳಿಗೆ ಮರಳಬೇಕೆಂದು ತೋರುತ್ತಿದೆ, ತಮ್ಮಿಂದ ಆಕೆ ಬಹಳ ನೊಂದಿದ್ದಾರೆ, ಅವರ ಕೊನೆಯ ದಿನಗಳನ್ನಾದರೂ ಹಗುರಗೊಳಿಸಬೇಕು ಎಂದು ಅಲ್ಲಿ ಹೇಳಿಕೊಂಡಿದ್ದಾರೆ. ಶಂಕರರು ತಾಯಿಯ ಬಳಿಗೆ ಮರಳಿದ ದೃಷ್ಟಾಂತವನ್ನು ಅಲ್ಲಿ ಅವರೇ ಎತ್ತಿದ್ದಾರೆ. ಅಂದರೆ, ಜೀವನದ ಕೊನೆಗೆ ಅವರನ್ನು ಬಾಧಿಸಿದ್ದು ತಾಯಿಯನ್ನು ಹೆಚ್ಚಾಗಿ ಹಚ್ಚಿಕೊಂಡೆನೆಂಬ ಪಶ್ಚಾತ್ತಾಪವಲ್ಲ. ತ್ಯಾಗದ ಹೆಸರಿನಲ್ಲಿ ಆಕೆಯನ್ನು ದುಃಖಕ್ಕೆ ಈಡುಮಾಡಿದೆನೆಂಬ ಅಳುಕು. ಸಂನ್ಯಾಸದ ಬೆಲೆಯನ್ನು ತೆರುವವನು ಸಂನ್ಯಾಸಿಯೊಬ್ಬನೇ ಅಲ್ಲವೆಂಬ ಅರಿವು ಈ ಪತ್ರದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ.

1901ರ ಜನವರಿಯಲ್ಲಿ ಅಜಿತಸಿಂಹರು ಆಗ್ರಾದ ಬಳಿಯ ಸಿಕಂದರಾದಲ್ಲಿ ಗೋಪುರದಿಂದ ಬಿದ್ದು ಮರಣ ಹೊಂದಿದರು. ತಾಯಿಗಾಗಿ ನೆಚ್ಚಿಕೊಂಡಿದ್ದ ಆಸರೆ ಕಳಚಿತು. ಆ ವಸಂತದಲ್ಲಿ ಸ್ವಾಮಿಗಳು, ಮಧುಮೇಹವೂ ಉಬ್ಬಸವೂ ದೇಹವನ್ನು ತಿನ್ನುತ್ತಿದ್ದರೂ, ತಾಯಿಯನ್ನು ಕರೆದುಕೊಂಡು ಪೂರ್ವಬಂಗಾಳಕ್ಕೆ ಹೊರಟರು. ಲಾಂಗಲಬಂಧದಲ್ಲಿ ಬ್ರಹ್ಮಪುತ್ರಾಸ್ನಾನ, ಚಂದ್ರನಾಥ, ಕಾಮಾಖ್ಯೆ, ಇಷ್ಟು ತೀರ್ಥಗಳನ್ನು ಆಕೆಗೆ ಮಾಡಿಸಿದರು. ಹಿಂದೂ ವಿಧವೆಯೊಬ್ಬಳು ಮಗನಿಂದ ನಿರೀಕ್ಷಿಸುವ ಸಾಮಾನ್ಯವಾದ ಸೇವೆ ಇದು. ಇದಕ್ಕಾಗಿ ಆಕೆ ಹದಿನಾಲ್ಕು ವರ್ಷ ಕಾದಿದ್ದರು. ಮನೆಯ ವ್ಯಾಜ್ಯವು 1902ರಲ್ಲಿ, ಸ್ವಾಮಿಗಳ ನಿಧನಕ್ಕೆ ಕೆಲವೇ ದಿನಗಳ ಮುಂಚೆ, ಕೋರ್ಟಿನ ಹೊರಗೆ ರಾಜಿಯಾಗಿ ಮುಗಿಯಿತು. ಜುಲೈ 4ರ ರಾತ್ರಿ ಬೇಲೂರು ಮಠದಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಧ್ಯಾನಾನಂತರ ದೇಹವನ್ನು ತ್ಯಜಿಸಿದರು. ಸುದ್ದಿ ಮುಟ್ಟಿ ತಾಯಿಯು ಮರುದಿನ ಮಠಕ್ಕೆ ಬಂದರು.

ಆಕೆ ಇನ್ನೂ ಒಂಬತ್ತು ವರ್ಷ ಬದುಕಿದರು. ಕಿರಿಯ ಮಗ ಭೂಪೇಂದ್ರನಾಥರು ಬಂಗಾಳದ ಕ್ರಾಂತಿಕಾರರ ಪತ್ರಿಕೆಯಾದ ಯುಗಾಂತರದ ಸಂಪಾದಕರಾಗಿ, 1907ರಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಒಂದು ವರ್ಷದ ಕಠಿಣ ಶಿಕ್ಷೆಗೆ ಗುರಿಯಾದರು; ಬಿಡುಗಡೆಯಾದ ಮೇಲೆ ಅಮೆರಿಕಕ್ಕೆ ಹೊರಟುಹೋದರು. ಒಬ್ಬ ಮಗನನ್ನು ಸಂನ್ಯಾಸಕ್ಕೂ ಮತ್ತೊಬ್ಬನನ್ನು ದೇಶಕ್ಕೂ ಕೊಟ್ಟ ಆ ತಾಯಿ 1911ರ ಜುಲೈ 25ರಂದು ತೀರಿಕೊಂಡಾಗ ಭೂಪೇಂದ್ರರು ಸಮುದ್ರದಾಚೆ ಇದ್ದರು. ಗೌರಮೋಹನ ಮುಖರ್ಜಿ ಬೀದಿಯ ಆ ಮನೆಯು ಬಹುಕಾಲ ಜೀರ್ಣವಾಗಿ, ಹಲವರ ಕೈಯಲ್ಲಿ ಹಂಚಿಹೋಗಿ ಬಿದ್ದಿದ್ದಿತು. ಕೊನೆಗೆ ರಾಮಕೃಷ್ಣ ಮಿಷನ್ನಿನವರು ಅದನ್ನು ಪಡೆದು, ದುರಸ್ತಿಮಾಡಿ, 2004ರಲ್ಲಿ ಸಾರ್ವಜನಿಕರಿಗೆ ತೆರೆದರು.